ಆಫ್ ಮಾಡಿದ ಮೇಲೂ ಮರೆಯದ ರ‍್ಯಾಮ್

ಕಂಪ್ಯೂಟರ್ ಪಾಠದ ಮೊದಲ ಪುಟಗಳಲ್ಲೇ ಮಕ್ಕಳು ಉರು ಹೊಡೆಯುವ ವಾಕ್ಯವೊಂದಿದೆ: ವಿದ್ಯುತ್ ಹೋದ ತಕ್ಷಣ ರ‍್ಯಾಮ್‌ನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಚಿಪ್ ತಯಾರಿಸುವವರಿಗೆ ಇದು ಪೂರ್ತಿ ನಿಜವಲ್ಲವೆಂದು ಗೊತ್ತಿತ್ತು. ತಂತ್ರಾಂಶ ಬರೆಯುವವರಲ್ಲಿ ಬಹುಮಂದಿ ಮಾತ್ರ ಇದನ್ನೇ ನಂಬಿ ಕೂತಿದ್ದರು. 2008ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್ ಮತ್ತು ಸಂಗಡಿಗರು ಆ ನಂಬಿಕೆಯನ್ನು ಬುಡಮೇಲು ಮಾಡಿದರು.

ಅವರು ಮೋನಾಲಿಸಾ ಚಿತ್ರವನ್ನು ರ‍್ಯಾಮ್‌ಗೆ ತುಂಬಿ, ವಿದ್ಯುತ್ ಕಡಿದು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತೆಗೆದು ನೋಡಿದರು. 5 ಸೆಕೆಂಡಿನ ನಂತರವೂ ಚಿತ್ರ ಮೂಲದಂತೆಯೇ ಇತ್ತು! 30 ಸೆಕೆಂಡು, 60 ಸೆಕೆಂಡು ಕಳೆದಂತೆ ಮೆಲ್ಲಗೆ ಕೆಡುತ್ತ ಬಂತು.

ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ಈ ಬಗೆಯ ಮೆಮೊರಿಯಲ್ಲಿ ಪ್ರತಿ ಬಿಟ್ಟೂ ಒಂದು ಪುಟಾಣಿ ಕೆಪಾಸಿಟರ್‌ನ ವಿದ್ಯುದಾವೇಶ. ಅದು ಸೋರುವ ಮಡಕೆ. ಹಾಗಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಿಸುತ್ತಲೇ ಇರಬೇಕು. ಆದರೆ ಈ ಗಡುವು ಬಿಟ್ ಹಿಡಿದಿಡುವ ಅತಿ ದುರ್ಬಲ ಕೋಶಕ್ಕೂ ಸಾಲುವಂತೆ ಇಟ್ಟುಕೊಂಡದ್ದು. ಬಹುತೇಕ ಕೋಶಗಳು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ತಾಳುತ್ತವೆ.

ನಿಜವಾದ ಬೆರಗು ಇರುವುದು ಚಳಿಯಲ್ಲಿ. ಕೀಬೋರ್ಡಿನ ದೂಳು ಹಾರಿಸುವ ಸ್ಪ್ರೇ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ಒತ್ತಿದರೆ ಒಳಗಿನ ದ್ರವವೇ ಚಿಮ್ಮಿ ಚಿಪ್ ಸುಮಾರು ಮೈನಸ್ 50 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಪ್ರಿನ್ಸ್‌ಟನ್ ತಂಡ ಹೀಗೆ ಮಾಡಿದಾಗ ಸೋರಿಕೆ ಎಷ್ಟು ನಿಧಾನವಾಯಿತೆಂದರೆ, ವಿದ್ಯುತ್ತಿಲ್ಲದೆ 10 ನಿಮಿಷ ಕಳೆದರೂ ಶೇ 1ಕ್ಕಿಂತ ಕಡಿಮೆ ಬಿಟ್ಟುಗಳು ಕೆಟ್ಟಿದ್ದವು. ದ್ರವ ಸಾರಜನಕದಲ್ಲಿ ಮುಳುಗಿಸಿಟ್ಟಾಗ ಒಂದು ಗಂಟೆಯ ನಂತರ ಕೆಟ್ಟದ್ದು ಬರೀ ಶೇ 0.17. ಅಷ್ಟು ಹೊತ್ತಿನಲ್ಲಿ ರ‍್ಯಾಮ್ ಕಡ್ಡಿಯನ್ನು ಕಿತ್ತು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ ಓದಿಕೊಳ್ಳಬಹುದು. ಬಿಟ್‌ಲಾಕರ್, ಫೈಲ್‌ವಾಲ್ಟ್, ಟ್ರೂಕ್ರಿಪ್ಟ್ ತಂತ್ರಾಂಶಗಳು ಡಿಸ್ಕಿಗೆ ಹಾಕಿದ ಗೂಢಲಿಪಿಯ ಬೀಗದ ಕೀಲಿ ಇರುತ್ತಿದ್ದುದು ಅದೇ ರ‍್ಯಾಮ್‌ನಲ್ಲಿ. ಕೆಲವು ಬಿಟ್ಟುಗಳು ಕೆಟ್ಟಿದ್ದರೂ ಲೆಕ್ಕ ಹಾಕಿ ಪೂರ್ತಿ ಕೀಲಿಯನ್ನು ಮರಳಿ ಕಟ್ಟುವ ವಿಧಾನವನ್ನೂ ಈ ತಂಡ ರೂಪಿಸಿತು. 2013ರಲ್ಲಿ ಜರ್ಮನಿಯ ಎರ್ಲಾಂಗೆನ್‌ನ ಸಂಶೋಧಕರು ಗ್ಯಾಲಕ್ಸಿ ನೆಕ್ಸಸ್ ಫೋನನ್ನು ಫ್ರೀಜರ್‌ನಲ್ಲಿಟ್ಟು ತಣಿಸಿ, ಅದರ ಕೀಲಿಯನ್ನೂ ಹೊರತೆಗೆದರು.

ಹಾಗಾದರೆ ಆಫ್ ಆಗುವ ಮುನ್ನ ಅಳಿಸಿಬಿಟ್ಟರಾಯಿತಲ್ಲ? ಟೇಲ್ಸ್ ಎಂಬ ಲಿನಕ್ಸ್ ಆವೃತ್ತಿ ಮಾಡುವುದು ಅದನ್ನೇ. ಪತ್ರಕರ್ತರು, ಹೋರಾಟಗಾರರು ಪೆನ್‌ಡ್ರೈವ್‌ನಲ್ಲಿಟ್ಟುಕೊಂಡು ಬಳಸುವ ವ್ಯವಸ್ಥೆ ಇದು. ಅಪಾಯದ ಸುಳಿವು ಸಿಕ್ಕಿ ಪೆನ್‌ಡ್ರೈವ್ ಕಿತ್ತರೆ ಸಾಕು, ಅದು ರ‍್ಯಾಮ್ ಅನ್ನು ಅಳಿಸಿ ಮುಚ್ಚಿಕೊಳ್ಳುತ್ತದೆ. ಬಿಡುಗಡೆಯಾದ ಮೆಮೊರಿಗೆಲ್ಲ ಆಗಿಂದಾಗ್ಗೆ ಸೊನ್ನೆ ತುಂಬುವ ಆಯ್ಕೆ 2019ರಲ್ಲಿ ಲಿನಕ್ಸ್ ಕರ್ನಲ್‌ಗೇ ಸೇರಿತು.

ಅಳಿಸುವುದರಲ್ಲೂ ತೊಡಕುಂಟು. ಪಾಸ್‌ವರ್ಡ್ ಬಳಸಿ ಮುಗಿದ ಮೇಲೆ ಅದರ ಜಾಗಕ್ಕೆ ಸೊನ್ನೆ ತುಂಬು ಎಂದು ಪ್ರೋಗ್ರಾಮರ್ ಬರೆದಿರುತ್ತಾನೆ. ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್, ಆ ಸೊನ್ನೆಗಳನ್ನು ಮುಂದೆ ಯಾರೂ ಓದುವುದಿಲ್ಲವೆಂದು ಕಂಡು, ದಂಡದ ಕೆಲಸವೆಂದು ಆ ಸಾಲನ್ನೇ ಕಿತ್ತುಹಾಕುತ್ತದೆ! ಹೀಗೆ ಕಿತ್ತುಹಾಕಲಾಗದಂಥ ವಿಶೇಷ ಆಜ್ಞೆಯನ್ನು 2014ರಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ತಂದಿತು. ಅಂಥದೊಂದು ಸಿ ಭಾಷೆಯ ಅಧಿಕೃತ ನಿಯಮಾವಳಿಗೆ ಸೇರಿದ್ದು ತೀರ ಈಚೆಗೆ, ಸಿ23 ಆವೃತ್ತಿಯಲ್ಲಿ. ಐವತ್ತು ವರ್ಷ ಹಳೆಯ ಭಾಷೆಗೆ ಇದು ಬಹಳ ತಡವಾಯಿತು.

ಲ್ಯಾಪ್‌ಟಾಪ್ ತಯಾರಕರು ಇನ್ನೊಂದು ಉಪಾಯ ಮಾಡಿದರು: ಹಠಾತ್ತನೆ ರೀಸ್ಟಾರ್ಟ್ ಆದರೆ ಯಂತ್ರವನ್ನು ಎಬ್ಬಿಸುವ ಫರ್ಮ್‌ವೇರ್ ಮೊದಲು ರ‍್ಯಾಮ್ ಅಳಿಸಲಿ ಎಂದು ಚಿಪ್ಪೊಂದರಲ್ಲಿ ಗುರುತು ಹಾಕಿಡುವುದು. 2018ರಲ್ಲಿ ಎಫ್-ಸೆಕ್ಯೂರ್ ಸಂಸ್ಥೆಯ ಸಂಶೋಧಕರು ಆ ಗುರುತನ್ನೇ ಬದಲಿಸಿ ತೋರಿಸಿದರು. ರ‍್ಯಾಮ್‌ನಲ್ಲಿರುವುದನ್ನೆಲ್ಲ ಪ್ರೊಸೆಸರೇ ಗೂಢಲಿಪಿಗೆ ತಿರುಗಿಸಿಡುವ ಹೊಸ ಚಿಪ್‌ಗಳು ಇದಕ್ಕಿಂತ ಗಟ್ಟಿ ಉತ್ತರ.

ಮುಚ್ಚಳ ಮಡಚಿದರೆ ಕಂಪ್ಯೂಟರ್ ಆಫ್ ಆಯಿತೆಂಬ ಮೌಢ್ಯವನ್ನಂತೂ ಬಿಡಲೇಬೇಕು. ಸ್ಲೀಪ್‌ನಲ್ಲಿರುವ ಯಂತ್ರದ ರ‍್ಯಾಮ್‌ಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಕಚೇರಿಯ ಗುಟ್ಟುಗಳಿರುವ ಲ್ಯಾಪ್‌ಟಾಪನ್ನು ಹೋಟೆಲ್ ಕೋಣೆಯಲ್ಲಿ ಬಿಟ್ಟು ಹೋಗುವವರು ಪೂರ್ತಿ ಶಟ್‌ಡೌನ್ ಮಾಡಿಯೇ ಹೋಗಬೇಕು. ವಿಂಡೋಸ್ ಶುರುವಾಗುವ ಮೊದಲೇ ಪಿನ್ ಕೇಳುವಂತೆ ಬಿಟ್‌ಲಾಕರ್ ಅನ್ನು ಹೊಂದಿಸಿಕೊಳ್ಳಿ; ಆ ಪಿನ್ ಒತ್ತುವ ತನಕ ಕೀಲಿ ರ‍್ಯಾಮ್‌ಗೆ ಬರುವುದೇ ಇಲ್ಲ.