ನಾಣ್ಯಕ್ಕೆ ‘70ಕ್ಕೆ 66’: ಇದು ಅಳತೆಯೋ, ಅಭಿಪ್ರಾಯವೋ?

ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಹಳೆಯ ನಾಣ್ಯ, ಮೇಲೆ ‘ಎಂಎಸ್ 66’ ಎಂಬ ಚೀಟಿ, ಕೆಳಗೆ ‘ಸರ್ಟಿಫೈಡ್, ಲಕ್ಷಗಟ್ಟಲೆ ಬೆಲೆ’ ಎಂಬ ಸಾಲು. ಇಂತಹ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಆ 66 ನೋಡಿದರೆ, ಥರ್ಮಾಮೀಟರ್ ಜ್ವರ ತೋರಿಸಿದ ಹಾಗೆ ಯಾವುದೋ ಯಂತ್ರ ಅಳೆದು ಕೊಟ್ಟಿದೆ ಅನ್ನಿಸುತ್ತದೆ. ನಿಜವಾಗಿ ಅದು ಪಳಗಿದ ಕೆಲವರು ನಾಣ್ಯವನ್ನು ಬೆಳಕಿಗೆ ಹಿಡಿದು, ಕಣ್ಣಿನಿಂದ ನೋಡಿ ಕೊಟ್ಟ ಅಭಿಪ್ರಾಯ.

1ರಿಂದ 70ರವರೆಗಿನ ಈ ಲೆಕ್ಕ ಹುಟ್ಟಿದ್ದು ಅಮೆರಿಕದಲ್ಲಿ. ವಿಲಿಯಂ ಶೆಲ್ಡನ್ ಎಂಬ ಮನಃಶಾಸ್ತ್ರಜ್ಞ 1949ರಲ್ಲಿ ಅಲ್ಲಿನ ಹಳೆಯ ತಾಮ್ರದ ಸೆಂಟ್ ನಾಣ್ಯಗಳಿಗಾಗಿ ಇದನ್ನು ಮಾಡಿದರು. ತಮಾಷೆಯೆಂದರೆ ಅದು ಆಗ ಬೆಲೆಯ ಸೂತ್ರ: ತೀರಾ ಸವೆದ ನಾಣ್ಯಕ್ಕಿಂತ 70ರ ನಾಣ್ಯಕ್ಕೆ 70 ಪಟ್ಟು ಬೆಲೆ ಎಂಬ ಅಂದಾಜು. ಮಾರುಕಟ್ಟೆ ಬದಲಾಗಿ ಆ ಸೂತ್ರ ಕೆಲಸಕ್ಕೆ ಬಾರದಾಯಿತು, ಅಂಕಿಗಳು ಮಾತ್ರ ಉಳಿದವು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಕಂಪನಿಗಳು ಶುಲ್ಕ ಪಡೆದು ಗ್ರೇಡ್ ಕೊಡಲು ಶುರು ಮಾಡಿದವು.

60ಕ್ಕಿಂತ ಕೆಳಗಿನ ಗ್ರೇಡ್‌ಗಳಲ್ಲಿ ಮುಖ್ಯವಾಗಿ ನೋಡುವುದು ಸವೆತ. ಅಕ್ಷರ ಎಷ್ಟು ಅಳಿಸಿದೆ, ಕೂದಲಿನ ಗೆರೆ ಉಳಿದಿದೆಯೇ ಎಂಬುದರಲ್ಲಿ ಹೆಚ್ಚು ಜಗಳವಿಲ್ಲ. ತಕರಾರು ಇರುವುದು 60ರಿಂದ 70ರೊಳಗೆ. ಇವೆಲ್ಲ ಚಲಾವಣೆಯಲ್ಲಿ ಸವೆಯದ ನಾಣ್ಯಗಳೇ, ಆದರೂ 11 ಮೆಟ್ಟಿಲು. ಅಮೆರಿಕದ ಮಾರ್ಗನ್ ಬೆಳ್ಳಿ ಡಾಲರನ್ನೇ ನೋಡಿ. ಟಂಕಸಾಲೆಯಿಂದ ಹೊರಟಾಗ ಒಂದು ಚೀಲದಲ್ಲಿ 1,000 ನಾಣ್ಯ. ಒಂದಕ್ಕೊಂದು ಬಡಿದು, ಯಾರ ಕೈಗೂ ಹೋಗದೆ ಗೀರು ಬೀಳುತ್ತಿತ್ತು. ಕೆನ್ನೆಯ ಮೇಲಿನ ಗೀರು ಎದ್ದು ಕಾಣುತ್ತದೆ, ಕೂದಲಿನ ನಡುವಿನದು ಅಡಗಿಬಿಡುತ್ತದೆ. ಇದಕ್ಕೆ ಎಷ್ಟು ಅಂಕ ಕಳೆಯಬೇಕು? ಬೆಳ್ಳಿಯ ಮೇಲೆ ವರ್ಷಗಳಲ್ಲಿ ಕೂತ ನೀಲಿ, ಕೆಂಪು ಬಣ್ಣ ಒಬ್ಬರಿಗೆ ಅಂದ, ಇನ್ನೊಬ್ಬರಿಗೆ ಕಲೆ.

2003ರಲ್ಲಿ ‘ಕಾಯಿನ್ ವರ್ಲ್ಡ್’ ಪತ್ರಿಕೆ ಒಂದಷ್ಟು ನಾಣ್ಯಗಳನ್ನೇ ಬೇರೆ ಬೇರೆ ಗ್ರೇಡಿಂಗ್ ಸಂಸ್ಥೆಗಳಿಗೆ ಕಳಿಸಿ ನೋಡಿತು. ಒಂದೇ ಒಂದು ನಾಣ್ಯದ ಬಗ್ಗೆಯೂ ಎಲ್ಲ ಸಂಸ್ಥೆಗಳು ಒಮ್ಮತಕ್ಕೆ ಬರಲಿಲ್ಲ. ಕೆಲವು ಕಡೆ ವ್ಯತ್ಯಾಸ 7 ಅಂಕದವರೆಗೂ ಇತ್ತು.

ಒಂದು ಅಂಕಕ್ಕೆ ಬೆಲೆ ಹಲವು ಪಟ್ಟು ಏರಬಹುದಾದ ಕಡೆ ಇದು ಸಣ್ಣ ವಿಷಯವಲ್ಲ. ಅದಕ್ಕೇ ಕೆಲವು ವ್ಯಾಪಾರಿಗಳು ಡಬ್ಬಿ ಒಡೆದು ಅದೇ ನಾಣ್ಯವನ್ನು ಮತ್ತೆ ಮತ್ತೆ ಕಳಿಸುತ್ತಾರೆ. ಒಮ್ಮೆ ಹೆಚ್ಚು ಅಂಕ ಬಂದರೆ ಶುಲ್ಕವೆಲ್ಲ ಗಿಟ್ಟಿತು. 2007ರಲ್ಲಿ ಬಂದ ಸಿಎಸಿ ಎಂಬ ಸಂಸ್ಥೆಯಂತೂ ಬೇರೆಯವರು ಗ್ರೇಡ್ ಮಾಡಿದ್ದನ್ನು ನೋಡಿ, ಒಪ್ಪಿಗೆಯಾದರೆ ಹಸಿರು ಸ್ಟಿಕ್ಕರ್ ಅಂಟಿಸತೊಡಗಿತು. ಅಭಿಪ್ರಾಯದ ಮೇಲೊಂದು ಅಭಿಪ್ರಾಯ!

ಹಾಗಾದರೆ ಗ್ರೇಡಿಂಗ್ ಎಲ್ಲ ಮೋಸವೇ? ಅಲ್ಲ. ನಾಣ್ಯ ಅಸಲಿಯೇ, ಯಾರಾದರೂ ಉಜ್ಜಿ ಪಾಲಿಶ್ ಮಾಡಿದ್ದಾರೆಯೇ ಎಂದು ಪತ್ತೆ ಹಚ್ಚುವುದರಲ್ಲಿ ಈ ಕಣ್ಣುಗಳು ನಮ್ಮ ನಿಮ್ಮ ಕಣ್ಣಿಗಿಂತ ಎಷ್ಟೋ ಮೇಲು. ಆದರೆ 65 ಮತ್ತು 66ರ ನಡುವಿನ ಅಂತರಕ್ಕೆ ದುಡ್ಡು ಸುರಿಯುವವರು ಚೀಟಿಯನ್ನಲ್ಲ, ನಾಣ್ಯವನ್ನು ನೋಡಬೇಕು. ಡಬ್ಬಿಯೂ ನಕಲಿ ಇರುತ್ತದೆ. ಚೀಟಿಯ ಸರ್ಟಿಫಿಕೇಟ್ ನಂಬರನ್ನು ಆ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ, ಅಲ್ಲಿನ ಫೋಟೋದೊಂದಿಗೆ ಹೋಲಿಸಿ ನೋಡಿ.

ಇನ್ನು ವೈಷ್ಣೋದೇವಿ ಚಿತ್ರವಿರುವ 5, 10 ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ ಎನ್ನುವ ಮೆಸೇಜ್‌ಗಳಿಗೆ ಗ್ರೇಡಿಂಗಿನ ಗೊಡವೆಯೇ ಇಲ್ಲ. ಹಳೆಯ ನೋಟು, ನಾಣ್ಯ ಮಾರಿಸಿಕೊಡಲು ತನ್ನ ಹೆಸರಿನಲ್ಲಿ ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ, ತಾನು ಇಂತಹ ವ್ಯವಹಾರ ಮಾಡುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಮೊದಲು ನಿಮ್ಮಿಂದ ‘ರಿಜಿಸ್ಟ್ರೇಷನ್ ಫೀ’ ಕೇಳಿದರೆ ಅಲ್ಲಿಗೇ ಬ್ಲಾಕ್ ಮಾಡಿ.