ವಿಷಾನಿಲ ಸೋರಿದರೆ ಎತ್ತ ಹೋಗಬೇಕು?

1984ರ ಡಿಸೆಂಬರ್ 2-3ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಸೋರಿತು. ಇದರ ಅಣುತೂಕ 57, ಗಾಳಿಯ ಸರಾಸರಿ ಅಣುತೂಕ 29. ಎರಡು ಪಟ್ಟು ಭಾರವಾದ ಈ ಆವಿ ನೆಲಕ್ಕೆ ಹತ್ತಿರವಾಗಿಯೇ, ಗಾಳಿ ಬೀಸಿದತ್ತ ಹರಡಿತು. ಏನು ಮಾಡಬೇಕೆಂದು ಸುತ್ತಲಿನ ಜನರಿಗೆ ಮೊದಲೇ ತಿಳಿಸಿರಲಿಲ್ಲ. ಅನೇಕರು ಗಾಳಿಯ ದಿಕ್ಕಿನಲ್ಲೇ ಓಡಿದರು. ಓಡುವಾಗ ಉಸಿರಾಟ ಹೆಚ್ಚುತ್ತದೆ. ಒಳಹೋಗುವ ವಿಷವೂ ಹೆಚ್ಚುತ್ತದೆ.

ಈ ದುರಂತದ ಬಳಿಕ 1989 ಹಾಗೂ 1996ರಲ್ಲಿ ಅಪಾಯಕಾರಿ ರಾಸಾಯನಿಕಗಳ ಬಗ್ಗೆ ಕೇಂದ್ರ ಸರ್ಕಾರ ನಿಯಮಗಳನ್ನು ರೂಪಿಸಿತು. ಇವುಗಳ ಪ್ರಕಾರ ಕಾರ್ಖಾನೆಯ ಒಳಗಿನ ತುರ್ತು ಯೋಜನೆ ಕಾರ್ಖಾನೆಯದೇ ಹೊಣೆ. ಆವರಣದ ಹೊರಗಿನ ಯೋಜನೆ ಆಡಳಿತದ ಹೊಣೆ. ಜಿಲ್ಲಾ ಮಟ್ಟದ ಬಿಕ್ಕಟ್ಟು ನಿರ್ವಹಣಾ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಹೊರಗಿನ ಯೋಜನೆಯ ತಾಲೀಮು ವರ್ಷಕ್ಕೊಮ್ಮೆಯಾದರೂ ನಡೆಯಬೇಕು.

ಆದರೆ ಕಡತದಲ್ಲೇ ಉಳಿದ ಯೋಜನೆ ಪ್ರಾಣ ಉಳಿಸದು. ನಿಮ್ಮ ಶಾಲೆ ಇಂಥ ಕಾರ್ಖಾನೆಯ ಸಮೀಪವಿದೆಯೆ? ಅಲ್ಲಿ ಯಾವ ರಾಸಾಯನಿಕವಿದೆ, ಎಚ್ಚರಿಕೆಯ ಸೈರನ್ ಹೇಗಿರುತ್ತದೆ, ಬಾಗಿಲು ಕಿಟಕಿ ಮುಚ್ಚಿ ಒಳಗಿರಬೇಕೆ, ಹೊರಡಬೇಕೆ ಎಂಬುದನ್ನು ಈಗಲೇ ಕೇಳಿ ತಿಳಿಯಿರಿ. ಹೊರಡಬೇಕಾದಲ್ಲಿ ಒದ್ದೆ ಬಟ್ಟೆಯಿಂದ ಮೂಗು, ಬಾಯಿ ಮುಚ್ಚಿಕೊಂಡು, ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಸಾಗಬೇಕು. ಶಾಲೆಯ ಮೇಲೊಂದು ಬಾವುಟ ಕಟ್ಟಿ, ಗಾಳಿಯ ದಿಕ್ಕನ್ನು ಗುರುತಿಸಲು ವಿದ್ಯಾರ್ಥಿಗಳಿಗೆ ಕಲಿಸಿ.