ಇಟ್ಟಿಗೆಯ ಕಾವು, ಕಪ್ಪೆಯ ಜೀವ

ಗೋಡೆ ಕಟ್ಟುವ, ಹತ್ತು ತೂತಿನ ಮಾಮೂಲಿ ಇಟ್ಟಿಗೆಗಳು. ಕಪ್ಪು ಬಣ್ಣ ಬಳಿದು ಪುಟ್ಟ ಹಸಿರುಮನೆಯೊಳಗೆ ಪೇರಿಸಿಟ್ಟಿದ್ದಾರೆ. ಬಿಸಿಲಿಗೆ ಕಾದ ಆ ತೂತುಗಳಿಗೆ ಹಸಿರು-ಹೊನ್ನಿನ ಬೆಲ್ ಕಪ್ಪೆಗಳು ತಾವಾಗಿಯೇ ಹೊಕ್ಕು ಮೈ ಕಾಯಿಸಿಕೊಳ್ಳುತ್ತವೆ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಆಂಥೊನಿ ವಾಡಲ್ ತಂಡ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದ ಈ ‘ಕಪ್ಪೆ ಸೌನಾ’ದಲ್ಲಿ ಸೋಂಕು ತಗುಲಿದ ಕಪ್ಪೆಗಳು ಔಷಧಿಯಿಲ್ಲದೆ ಚೇತರಿಸಿಕೊಂಡವು. ಒಮ್ಮೆ ಗುಣವಾದವು ಮುಂದಿನ ಸೋಂಕನ್ನು ತಂಪಿನಲ್ಲೂ ತಾಳಿಕೊಂಡವು.

ಆ ಸೋಂಕು ಕಿಟ್ರಿಡ್ ಶಿಲೀಂಧ್ರದ್ದು. ಅದು ಬೇರೂರುವುದು ಚರ್ಮದಲ್ಲಿ. ಕಪ್ಪೆ ನೀರು ಕುಡಿಯುವುದೇ ಚರ್ಮದಿಂದ. ಉಸಿರಾಟದ ಒಂದು ಪಾಲು, ಮೈಯ ಲವಣಗಳ ಹದ, ಎಲ್ಲವೂ ಅಲ್ಲಿಯದೇ. ಅದು ಕೆಟ್ಟರೆ ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಇಳಿದು ಕೊನೆಗೆ ಹೃದಯ ನಿಲ್ಲುತ್ತದೆ. 2019ರ ಅಂದಾಜಿನಂತೆ ಕನಿಷ್ಠ 501 ಉಭಯವಾಸಿ ಪ್ರಭೇದಗಳ ಸಂಖ್ಯೆ ಇದರಿಂದ ಕುಸಿದಿದೆ. 90 ಪ್ರಭೇದಗಳು ಅಳಿದೇ ಹೋಗಿರಬೇಕು.

ಇಂಥ ಕೊಲೆಗಡುಕನಿಗೆ ಸೆಕೆ ಮಾತ್ರ ಆಗದು. 17ರಿಂದ 25 ಡಿಗ್ರಿಯಲ್ಲಿ ಹುಲುಸಾಗಿ ಬೆಳೆಯುವ ಶಿಲೀಂಧ್ರ 28 ದಾಟಿದರೆ ಸೊರಗುತ್ತದೆ. ಅದರ ಬೀಜಾಣುಗಳು ಬಾಲ ಬಡಿಯುತ್ತ ನೀರಿನಲ್ಲೇ ಈಜಬೇಕು; ಒಣಗಿದರೆ ಸಾಯುತ್ತವೆ. ಆಸ್ಟ್ರೇಲಿಯಾದಲ್ಲಿ ಕಪ್ಪೆಗಳು ಹೆಚ್ಚಾಗಿ ಸಾಯುವುದು ಚಳಿಗಾಲದಲ್ಲಿ. ಆಗ ಅವುಗಳ ರೋಗನಿರೋಧಕ ಶಕ್ತಿಯೂ ಮಂಕಾಗಿರುತ್ತದೆ.

ಹಾಗಾದರೆ ಭೂಮಿ ಬಿಸಿಯಾದಷ್ಟೂ ಕಪ್ಪೆಗೆ ಒಳ್ಳೆಯದೇ? ಲೆಕ್ಕ ಅಷ್ಟು ಸಲೀಸಲ್ಲ. ಕೋಸ್ಟರೀಕಾದ ಮೊಂಟೆವೆರ್ದೆಯಲ್ಲಿ 1987ರಲ್ಲಿ ಸಾವಿರಕ್ಕೂ ಮಿಕ್ಕಿ ಕಂಡಿದ್ದ ಚಿನ್ನದ ಬಣ್ಣದ ನೆಲಗಪ್ಪೆ 1989ರ ನಂತರ ಕಂಡಿಲ್ಲ. ತಾಪ ಏರಿ ಮೋಡ ಹೆಚ್ಚಿ, ಹಗಲು ತಂಪಾಗಿ ರಾತ್ರಿ ಬೆಚ್ಚಗಾಗಿದ್ದು ಶಿಲೀಂಧ್ರಕ್ಕೆ ಒದಗಿಬಂತು ಎಂದು ಒಂದು ತಂಡ ವಾದಿಸಿತು. ಎಲ್ ನಿನೋ ತಂದ ಬರವೇ ಕಾರಣವೆಂದಿತು ಇನ್ನೊಂದು. ರೋಗ ಹೊಸದಾಗಿ ಕಾಲಿಟ್ಟು ಅಲೆಯಂತೆ ಹಬ್ಬಿತು, ಹವಾಮಾನವನ್ನೇಕೆ ದೂರುತ್ತೀರಿ ಎಂದವರೂ ಇದ್ದಾರೆ.

ನನಗೆ ಕೊನೆಯವರ ಮಾತನ್ನು ತಳ್ಳಿಹಾಕಲಾಗದು. ನಮ್ಮ ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಈ ಶಿಲೀಂಧ್ರ ಸಿಕ್ಕಿದೆ, ಮಳೆಗಾಲದ ಮಡಿಕೇರಿಯ ತಂಪು ಅದಕ್ಕೆ ಹೇಳಿ ಮಾಡಿಸಿದಂತಿದೆ; ಆದರೂ ಅಮೆರಿಕ ಖಂಡಗಳಲ್ಲಿ ಕಂಡಂಥ ಸಾಮೂಹಿಕ ಸಾವು ಇಲ್ಲಿ ವರದಿಯಾಗಿಲ್ಲ. 2018ರ ವಂಶವಾಹಿ ಅಧ್ಯಯನ ರೋಗದ ತವರನ್ನು ಕೊರಿಯಾದ ಕಡೆಗೆ ಗುರುತಿಸಿತು. ಏಷ್ಯಾದ ಕಪ್ಪೆಗಳಿಗೆ ಇದು ಹಳೆಯ ಪರಿಚಯ ಇರಬಹುದು.

ಸೌನಾ ಕೂಡ ಬಿಸಿಲು ಕಾಯಿಸುವ ಕಪ್ಪೆಗಳಿಗಷ್ಟೇ. ಆಸ್ಟ್ರೇಲಿಯಾದ ಹಿಮಬೆಟ್ಟಗಳ ಕಪ್ಪು-ಹಳದಿ ಪಟ್ಟೆಯ ಕೊರೋಬೊರಿ ಕಪ್ಪೆ ತಂಪಿಗೇ ಒಗ್ಗಿದ ಜೀವಿ. ಅದನ್ನು ಸದ್ಯಕ್ಕೆ ಮೃಗಾಲಯಗಳಲ್ಲಿ ಸಾಕಿ, ಬೇಲಿ ಹಾಕಿದ ಆವರಣಗಳಿಗೆ ಬಿಡುತ್ತಿದ್ದಾರೆ.